ಸೋದರಮಾವನ ಸೀಟಿಗೆ ಬಾರದ ಗುಡುಗು

ನಮ್ಮ ಮೇಲಿನ ಮನೆಯ ರಮಾನಾಥ ಕೆಟ್ಟವನಲ್ಲ. ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಹೇಳಲು ಅವಕಾಶ ಸಿಗಲಿಕ್ಕಿಲ್ಲ.

ಬೈಕುಲ್ಲಾದಲ್ಲಿ ಅವನದೊಂದು ಹೋಟೆಲು, ಮಲಾಡಿನ ನಮ್ಮ ಬಿಲ್ಡಿಂಗಿನಲ್ಲಿ ಮನೆ, ಮನೆಯಲ್ಲಿ ವಾರಿಜಾ ಎಂಬ ಹೆಂಡತಿ, ಶ್ರಾವ್ಯಾ ಎಂಬ ಮಗಳು. ಒಬ್ಬ ಗಂಡಸಿನ ಹೊತ್ತು ಹೋಗಲು ಇಷ್ಟು ಸಾಕಾಗಬೇಕು. ಆದರೆ ಯಾರದೋ ಮನೆಯಲ್ಲಿ ಹೋಮ್ ಥಿಯೇಟರ್ ನೋಡಿ ಬಂದವನೇ, "ನಮ್ಮ ಮನೆಯಲ್ಲಿ ಏನೋ ಒಂದು ಕಮ್ಮಿ ಉಂಟು" ಎಂದು ಕೈಯಲ್ಲಿದ್ದ ತುತ್ತನ್ನು ಕೆಳಗಿಟ್ಟ.

"ಕಮ್ಮಿ ಇರುವುದು ಎಂತ ಅಂತ ನನಗೆ ಗೊತ್ತುಂಟು. ಅದು ಅಂಗಡಿಯಲ್ಲಿ ಸಿಗುವುದಿಲ್ಲ" ಎಂದಳು ವಾರಿಜಾ.

ಇವರ ಮನೆಮಾತು ತುಳು. ಓದುವವರ ಅನುಕೂಲಕ್ಕೆ ನಾನು ಕನ್ನಡದಲ್ಲಿ ಬರೆದಿದ್ದೇನೆ; ಬೈಗುಳಗಳನ್ನು ಮಾತ್ರ ಅರ್ಧಕ್ಕರ್ಧ ಕಡಿಮೆ ಮಾಡಿದ್ದೇನೆ.

ಶ್ರಾವ್ಯಾಳಿಗೆ ಆಗ ಸುಕೇಶ್ ಎಂಬ ಹುಡುಗನ ಜೊತೆ ಮಾತುಕತೆ ನಡೆಯುತ್ತಿತ್ತು. ಹೇಗೂ ಮದುವೆಯಾಗಿ ಹೋಗುವವಳು ಎಂದು ರಮಾನಾಥ ಅವಳು ಹೋಗುವ ಮೊದಲೇ ಅವಳ ಕೋಣೆ ಖಾಲಿ ಮಾಡಿಸಿದ. ಮಗಳು ಹೋಗಿ ಅಮ್ಮನ ಪಕ್ಕ ಮಲಗಿದಳು, ಅಪ್ಪ ಬಂದು ಹಾಲಿನಲ್ಲಿ ಮಲಗಿದ, ಕೋಣೆಯಲ್ಲಿ ಸ್ಪೀಕರುಗಳು ಆರಾಮವಾಗಿ ಮಲಗಿದವು. ಗೋಡೆಗೆಲ್ಲ ಕಪ್ಪು ಬಟ್ಟೆ. ನೆಲಕ್ಕೆ ಈ ಗೋಡೆಯಿಂದ ಆ ಗೋಡೆಯವರೆಗೆ ಕಾರ್ಪೆಟ್ಟು. ಮುಂಬಯಿಯ ಮಳೆಗಾಲದಲ್ಲಿ ಇಡೀ ಕೋಣೆಗೆ ಕಾರ್ಪೆಟ್ಟು ಹಾಸುವವರು ಇಬ್ಬರೇ, ಅಣಬೆ ಬೆಳೆಸುವವರು ಮತ್ತು ರಮಾನಾಥ. ನಡುವೆ ಒಂದು ಉದ್ದದ ಸೋಫಾ, ಅದರ ಎರಡೂ ಕಡೆ ಗೋಡೆಗೆ ತಾಗಿದ ಹಾಗೆ ಒಂದೊಂದು ಕುರ್ಚಿ. ಪರದೆಯ ಪಕ್ಕದ ಮೂಲೆಯಲ್ಲಿ ಒಂದು ದೊಡ್ಡ ಕಪ್ಪು ಪೆಟ್ಟಿಗೆ.

ಆ ಪೆಟ್ಟಿಗೆಯ ಹೆಸರು ವೂಫರು. ಮಾತು, ಹಾಡು, ಅಳು ಯಾವುದೂ ಅದರ ಇಲಾಖೆಯಲ್ಲ. ಗುಡುಗು, ಬಾಂಬು, ಬೆಟ್ಟ ಕುಸಿಯುವುದು, ಇಂಥವಕ್ಕೆ ಮಾತ್ರ ಅದು ಬಾಯಿ ತೆರೆಯುತ್ತದೆ. "ಅದಕ್ಕೆ ಬೇಸ್ ಅಂತಾರೆ ಅಕ್ಕ, ಅದನ್ನು ಕಿವಿಯಲ್ಲಿ ಕೇಳುವುದಲ್ಲ, ಹೊಟ್ಟೆಯಲ್ಲಿ ಕೇಳುವುದು" ಎಂದು ರಮಾನಾಥ ನನಗೆ ಪಾಠ ಮಾಡಿದ. ಹೋಟೆಲಿನವರಿಗೆ ಲೋಕದ ಎಲ್ಲ ವಿಷಯವೂ ಕೊನೆಗೆ ಹೊಟ್ಟೆಗೇ ಬಂದು ನಿಲ್ಲುತ್ತದೆ. ಅವನ ಹೊಟ್ಟೆಗೆ ಕೇಳಿದ್ದು ಕೆಳಗೆ ನನ್ನ ಅಡುಗೆಮನೆಯ ಸ್ಟೀಲ್ ಲೋಟಗಳಿಗೂ ಕೇಳುತ್ತಿತ್ತು. ಅವು ಹಲಗೆಯ ಮೇಲೆ ಒಂದಕ್ಕೊಂದು ಹಣೆ ಚಚ್ಚಿಕೊಳ್ಳುತ್ತಿದ್ದವು. ನಾನಾದರೂ ಏನು ಹೇಳಲಿ, ಗೋಡೆಗೆ ಗೋಡೆ ತಾಗಿದ ಮುಂಬಯಿಯ ಚಾಳಿನಲ್ಲಿ ಬೆಳೆದವಳು. ಪಕ್ಕದವರ ಸದ್ದು ನಿಂತರೆ ನನಗೆ ಗಾಬರಿ.

ಥಿಯೇಟರಿನ ಉದ್ಘಾಟನೆಗೆ ಮೋನಪ್ಪನನ್ನು ಕರೆಯುವುದೆಂದು ತೀರ್ಮಾನವಾಯಿತು.

ಮೋನಪ್ಪನೆಂದರೆ ವಾರಿಜಾಳ ಅಣ್ಣ, ಶ್ರಾವ್ಯಾಳ ಸೋದರಮಾವ. ಥಾಣೆಯಲ್ಲಿ ದೊಡ್ಡ ಹೋಟೆಲಿನವನು. ರಮಾನಾಥ ಈ ಊರಿಗೆ ಬಂದ ಹೊಸತರಲ್ಲಿ ಕೆಲಸ ಕಲಿತದ್ದು ಅವನ ಕೌಂಟರಿನಲ್ಲೇ, ಹಾಗಾಗಿ ಭಾವನೆಂದರೆ ಇವನಿಗೆ ಇವತ್ತಿಗೂ ಎದ್ದು ನಿಲ್ಲುವ ಅಭ್ಯಾಸ. ಅದಲ್ಲದೆ ಮುಂದಿನ ಆದಿತ್ಯವಾರ ಮನೆಯಲ್ಲೇ ಶ್ರಾವ್ಯಾಳ ನಿಶ್ಚಯ. ಇವರ ಕಡೆಯಲ್ಲಿ ಹುಡುಗಿಯ ಮದುವೆಗೆ ಅಪ್ಪ ಬಂದರೆ ಸಂತೋಷ, ಸೋದರಮಾವ ಬರದಿದ್ದರೆ ಮದುವೆಯೇ ಇಲ್ಲ. ನಿಶ್ಚಯದ ವೀಳ್ಯದ ತಟ್ಟೆ ಹುಡುಗಿಯ ಸೋದರಮಾವನ ಕೈಯಿಂದ ಹುಡುಗನ ಸೋದರಮಾವನ ಕೈಗೆ ಹೋದರೇ ಮಾತು ಗಟ್ಟಿ. ಅಪ್ಪ ಪಕ್ಕದಲ್ಲಿ ನಿಂತು ಹಲ್ಲು ಕಿರಿಯಬಹುದು, ಅದಕ್ಕೆ ಅಡ್ಡಿಯಿಲ್ಲ.

ಮೋನಪ್ಪ ಬಂದ. ಮುಂಬಯಿಯ ನಮ್ಮವರಿಗೆ ಯಾರಾದರೂ ಮನೆಗೆ ಬಂದರೆ ಸನ್ಮಾನ ಮಾಡದೆ ಕೈ ತುರಿಸುತ್ತದೆ. ಶಾಲು ಹೊದಿಸಿದರು, ತಲೆಗೆ ಜರಿ ಪೇಟ ಇಟ್ಟರು, ಹಣ್ಣಿನ ಬುಟ್ಟಿ ಕೊಟ್ಟು ಅದನ್ನು ಫೋಟೋ ಆದ ಮೇಲೆ ವಾಪಸು ತೆಗೆದುಕೊಂಡು ಒಳಗಿಟ್ಟರು. ಆಮೇಲೆ ಸೋಫಾದ ಸರಿಯಾಗಿ ನಡುವೆ ಅವನನ್ನು ಕೂರಿಸಿದರು. ಅವನ ಆಚೀಚೆ ಶ್ರಾವ್ಯಾ ಮತ್ತು ರಮಾನಾಥ. ಗೋಡೆಯ ಪಕ್ಕದ ಕುರ್ಚಿಗಳಲ್ಲಿ ನಾನು, ವಾರಿಜಾ. ಚಹಾದ ಕಪ್ಪುಗಳನ್ನು ಒಯ್ಯಲು ಬಂದ ಕೆಲಸದ ಬಸಲಿಂಗವ್ವ ಬಾಗಿಲ ಮೂಲೆಯಲ್ಲಿ ನಿಂತಳು.

ಯಾವ ಪಿಕ್ಚರೋ ನಾನರಿಯೆ. ಅದರಲ್ಲಿ ಇರುವವರಿಗೆ ಬೇರೆ ಕೆಲಸವಿರಲಿಲ್ಲ, ಹೋದಲ್ಲೆಲ್ಲ ಏನಾದರೂ ಕುಸಿಯುತ್ತಿತ್ತು. ರಮಾನಾಥ "ಈಗ ನೋಡಿ ಭಾವ" ಎಂದ. ಪರದೆಯ ಮೇಲೆ ಒಂದು ಬೆಟ್ಟ ಬಾಯ್ಬಿಟ್ಟಿತು.

ಧಡ್ ಎಂದದ್ದು ನನ್ನ ಕುರ್ಚಿಯ ಕಾಲಿನಿಂದ ಹೊರಟು ಕಟ್ಟಿಸಿದ ಹಲ್ಲಿನವರೆಗೆ ಬಂತು. ವಾರಿಜಾ ತಾಳಿ ಹಿಡಿದುಕೊಂಡಳು. ಬಸಲಿಂಗವ್ವ ಟ್ರೇ ಸಮೇತ ಗೋಡೆಗೆ ಒರಗಿ, "ಯವ್ವಾ! ಹೊಟ್ಯಾಗ ಡೊಳ್ಳು ಬಾರ್ಸಿದಾಂಗಾತಲ್ಲ!" ಎಂದು ಕೂಗಿದಳು.

ಮೋನಪ್ಪ ಮಾತ್ರ ಬ್ಯಾಂಕಿನಲ್ಲಿ ಟೋಕನ್ ಹಿಡಿದು ಕೂತವನ ಹಾಗೆ ಕೂತಿದ್ದ. ಎಡಕ್ಕೆ ನೋಡಿದ, ಬಲಕ್ಕೆ ನೋಡಿದ.

"ಎಂತ ಆಯ್ತು ನಿಮಗೆಲ್ಲ?"

"ಗುಡುಗು ಮಾಮಾ! ಬೇಸ್! ಮಸ್ತ್ ಥಾ ನಾ?" ಎಂದಳು ಶ್ರಾವ್ಯಾ. ಅವಳ ಕನ್ನಡ ಅರ್ಧ ದಾರಿಗೆ ಬಂದು ಹಿಂದಿಯ ಲೋಕಲ್ ಹತ್ತಿಬಿಡುತ್ತದೆ.

"ನನಗೆ ಬರಲಿಲ್ಲ."

"ಬರುತ್ತದೆ ಭಾವ, ಬರುತ್ತದೆ" ಎಂದು ರಮಾನಾಥ ಪಿಕ್ಚರನ್ನು ಹಿಂದಕ್ಕೆ ಓಡಿಸಿದ. ಬೆಟ್ಟ ತನ್ನ ಕಲ್ಲುಗಳನ್ನೆಲ್ಲ ಆಯ್ದುಕೊಂಡು ಎದ್ದು ನಿಂತು, ಮತ್ತೆ ಬಿತ್ತು. ನಾವು ಮತ್ತೆ ನಡುಗಿದೆವು. ಮೋನಪ್ಪ ನಡುಗಲಿಲ್ಲ. ಇನ್ನೊಂದು ಸಲ ಬೀಳಿಸಿದ. ಅಷ್ಟರಲ್ಲಿ ಬೆಟ್ಟಕ್ಕೂ ಬೇಸರ ಬಂದಿತ್ತು. ಮೋನಪ್ಪನ ಪೇಟದ ಒಂದು ಎಳೆಯೂ ಅಲುಗಲಿಲ್ಲ.

ಬಸಲಿಂಗವ್ವ ಒಳ್ಳೆಯ ಮನಸ್ಸಿನವಳು. ಆ ಒಳ್ಳೆಯ ಮನಸ್ಸೇ ಮುಂದಿನದಕ್ಕೆಲ್ಲ ಕಾರಣ. "ನಂಗ ಪೂರಾ ಸಿಕ್ಕೈತ್ರಿ ಸಾಹೇಬ್ರ. ನಿಮಗ ಬೇಕಾದ್ರ ಇಲ್ಲಿ ಬಂದು ನಿಲ್ರಿ, ನಾ ಸರೀತೀನಿ" ಎಂದು ಬಾಗಿಲ ಮೂಲೆಯಲ್ಲಿ ಜಾಗ ಬಿಟ್ಟಳು.

ಮೋನಪ್ಪ ಎದ್ದು ನಿಂತ.

"ರಮಾನಾಥ, ನಾನು ಎಲೆ ಹಾಕಿ ಬಡಿಸಿ ಬಡಿಸಿ ತಲೆ ಹಣ್ಣಾದವ. ಸಾಲಿನಲ್ಲಿ ಎಲ್ಲರ ಎಲೆಗೂ ಪಾಯಸ ಬಡಿಸಿ, ನಡುವೆ ಕೂತವನ ಎಲೆ ಮಾತ್ರ ದಾಟಿ ಹೋಗುವುದಕ್ಕೆ ಎಂತ ಹೇಳ್ತಾರೆ?"

ರಮಾನಾಥನೂ ಎದ್ದು ನಿಂತ. "ಭಾವ, ಇದು ಪಾಯಸ ಅಲ್ಲ..."

"ಪಂಕ್ತಿಭೇದ ಅಂತಾರೆ! ಶಾಲು ಹೊದಿಸಿದೆ, ಪೇಟ ಇಟ್ಟೆ, ನಡುವೆ ಕೂರಿಸಿದೆ, ಎಲೆ ಖಾಲಿ ಬಿಟ್ಟೆ. ಕಪ್ಪು ತೊಳೆಯುವವಳಿಗೆ ಬಂತು, ನನಗೆ ಬರಲಿಲ್ಲ. ಆದಿತ್ಯವಾರ ವೀಳ್ಯ ಕೊಡಲಿಕ್ಕೆ ನಾನು ಬರುವುದಿಲ್ಲ. ನಿನ್ನ ಆ ಕಪ್ಪು ಪೆಟ್ಟಿಗೆ ಉಂಟಲ್ಲ, ಅದನ್ನೇ ಸೋದರಮಾವ ಅಂತ ಕೂರಿಸು!"

ಶಾಲನ್ನೂ ಪೇಟವನ್ನೂ ಸೋಫಾದ ಮೇಲೆ ಎಸೆದು ಅವನು ಹೋದದ್ದು ಎಷ್ಟು ರಭಸದಲ್ಲೆಂದರೆ ಲಿಫ್ಟು ಬರುವವರೆಗೂ ಕಾಯಲಿಲ್ಲ. ಮೋನಪ್ಪನ ಗಾತ್ರದವರು ಮೆಟ್ಟಿಲಿಳಿದರೆಂದರೆ ಅದು ಸಣ್ಣ ಕೋಪವಲ್ಲ.

ಒಂದು ಫೋನು ಮಾಡಿ "ತಪ್ಪಾಯ್ತು ಭಾವ" ಎಂದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ನಾನೂ ಹೇಳಿದೆ, ವಾರಿಜಾ ಹೇಳಿದಳು, ಶ್ರಾವ್ಯಾ ಮೂರು ಭಾಷೆಯಲ್ಲಿ ಹೇಳಿದಳು. ರಮಾನಾಥ ಕಣ್ಣು ಮುಚ್ಚಿ ಎಲ್ಲವನ್ನೂ ಕೇಳಿ, "ತಪ್ಪು ನನ್ನದಲ್ಲ, ಕೋಣೆಯದ್ದು. ಕೋಣೆ ರಿಪೇರಿ ಮಾಡ್ತೇನೆ" ಎಂದ. ಗಂಡಸರ ಈ ಗುಣ ನನಗೆ ಬಹಳ ಹಿಡಿಸುತ್ತದೆ. ಒಂದು ಮಾತಿನಲ್ಲಿ ಸರಿಹೋಗುವುದನ್ನು ಅವರು ಎಂದೂ ಒಂದು ಮಾತಿನಲ್ಲಿ ಸರಿಮಾಡುವುದಿಲ್ಲ. ಮೊದಲು ಸ್ಕ್ರೂಡ್ರೈವರು ಹುಡುಕುತ್ತಾರೆ.

ಅವನು ಹೇಳಿದ ವಿಜ್ಞಾನ ಇಷ್ಟು. ಪೆಟ್ಟಿಗೆಯಿಂದ ಹೊರಟ ಸದ್ದಿನ ಅಲೆ ಎದುರಿನ ಗೋಡೆಗೆ ಬಡಿದು ವಾಪಸು ಬರುತ್ತದೆ. ಹೋಗುವ ಅಲೆ, ಬರುವ ಅಲೆ ಎರಡೂ ಕೋಣೆಯ ನಡುವೆ ಎದುರಾದಾಗ ಒಂದನ್ನೊಂದು ನುಂಗಿಬಿಡುತ್ತವೆ. ಗೋಡೆಯ ಹತ್ತಿರ ಮಾತ್ರ ಎರಡೂ ಸೇರಿ ದಪ್ಪವಾಗುತ್ತವೆ. ನನಗೆ ಚೆನ್ನಾಗಿ ಅರ್ಥವಾಯಿತು. ನಮ್ಮ ರಾತ್ರಿಶಾಲೆಯಲ್ಲಿ ಕರೆಂಟು ಹೋದಾಗೆಲ್ಲ ಮಾಸ್ತರರು ಬೆಳಕಿನ ಪಾಠ ಬಿಟ್ಟು ಧ್ವನಿಯ ಪಾಠ ಹಿಡಿಯುತ್ತಿದ್ದರು, ಹಾಗಾಗಿ ಧ್ವನಿಯಲ್ಲಿ ನಾನು ಗಟ್ಟಿ. ಸ್ಟೇಷನ್ ರೋಡಿನಲ್ಲಿ ಎದುರುಬದುರು ಎರಡು ಬಸ್ಸು ಬಂದು ಸಿಕ್ಕಿಕೊಂಡು ಎರಡೂ ಹೋಗದೆ ನಿಲ್ಲುತ್ತವಲ್ಲ, ಅಂಥ ಜಾಗದಲ್ಲಿ ಇವನು ಭಾವನಿಗೆ ಪೇಟ ಇಟ್ಟು ಕೂರಿಸಿದ್ದ.

"ಹಾಗಾದರೆ ಸೋಫಾ ಸರಿಸು" ಎಂದೆ.

"ಸೋದರಮಾವನನ್ನು ನಡುವಿನಿಂದ ಸರಿಸಿ ಗೋಡೆಯ ಪಕ್ಕ ಕೂರಿಸುವುದಾ ಅಕ್ಕ? ಆಮೇಲೆ ಬದುಕಲಿಕ್ಕುಂಟಾ?"

ಅದೂ ಸರಿಯೇ. ಹೀಗೆ ವಿಜ್ಞಾನ ಒಂದು ಕಡೆ ಎಳೆಯಿತು, ಮರ್ಯಾದೆ ಇನ್ನೊಂದು ಕಡೆ.

ಮೊದಲ ಚಿಕಿತ್ಸೆಯಾಗಿ ಅವನು ಸದ್ದು ಜಾಸ್ತಿ ಮಾಡಿದ. ಸಾಂಬಾರು ಒಬ್ಬನಿಗೆ ಸಾಲದಿದ್ದರೆ ಹೋಟೆಲಿನವ ಹಂಡೆಯನ್ನೇ ದೊಡ್ಡದು ಮಾಡುತ್ತಾನೆ. ನಡುವಿನ ಸೀಟಿನಲ್ಲಿ ಆಗಲೂ ಮೌನ. ಗೋಡೆಯ ಕಡೆ ಮಾತ್ರ ಪ್ರಳಯ. ನನ್ನ ಲೋಟಗಳು ಹಲಗೆ ಬಿಟ್ಟು ಇಳಿದವು. ಕೆಳಮಹಡಿಯಿಂದ ಸೊಸೈಟಿಯ ಸೆಕ್ರೆಟರಿ ಸ್ನೇಹಲ್ ಓಡಿ ಬಂದಳು. ಮರಾಠಿ ಹುಡುಗಿ, ಕಾನೂನು ಎಂದರೆ ಪ್ರಾಣ. ಲಿಫ್ಟಿನಲ್ಲಿ ಸೀನಿದವರಿಗೂ ನೋಟೀಸು ಕೊಟ್ಟವಳು.

"ಅಂಕಲ್! ಆಮಚಾ ಗಣಪತಿ ಹಲತೋಯ್!"

ಅವಳ ಮನೆಯ ಶೋಕೇಸಿನ ಗಣಪತಿ ಅಲುಗಾಡುತ್ತಾ ಅಂಚಿನ ಕಡೆಗೆ ಹೊರಟಿದ್ದನಂತೆ. ವಿಸರ್ಜನೆಗೆ ಇನ್ನೂ ತಿಂಗಳುಗಳಿದ್ದವು.

ಬೇರೆ ಯಾರಾದರೂ ನಾಚಿಕೊಳ್ಳುತ್ತಿದ್ದರು. ರಮಾನಾಥನ ಕಣ್ಣು ಮಿನುಗಿತು. "ಗಣಪತಿ ಎಲ್ಲಿದ್ದಾನೆ? ಗೋಡೆಯ ಹತ್ತಿರವಾ, ರೂಮಿನ ನಡುವೆಯಾ?"

"ದೀವಾರ್ ಕೆ ಪಾಸ್. ಕ್ಯೂಂ?"

"ನೋಡಿದ್ರಾ ಅಕ್ಕ! ಗೋಡೆಯ ಹತ್ತಿರ!" ಎಂದು ನನ್ನ ಕಡೆ ತಿರುಗಿದ, ಪರೀಕ್ಷೆಯಲ್ಲಿ ಪಾಸಾದವನ ಹಾಗೆ. ಸ್ನೇಹಲ್ ನೋಟೀಸು ಕೊಡುವೆನೆಂದು ಹೇಳಿ ಹೋದಳು. ಅವಳು ಹೇಳಿದ್ದು ಅವನ ಕಿವಿಗೆ ಬೀಳಲಿಲ್ಲ. ಅದರಲ್ಲಿ ಬೇಸ್ ಇರಲಿಲ್ಲವೇನೋ.

ಎರಡನೆಯ ಚಿಕಿತ್ಸೆಗೆ ಮನೆಯ ಹಾಸಿಗೆಗಳೆಲ್ಲ ಹೋಗಿ ಥಿಯೇಟರಿನ ಮೂಲೆಗಳಲ್ಲಿ ನಿಂತವು. ದಪ್ಪ ಹತ್ತಿ ಅಲೆಯನ್ನು ಹೀರುತ್ತದೆಂದು ಎಲ್ಲೋ ನೋಡಿದ್ದ. ಹತ್ತಿ ಹೀರಿದ್ದು ಮಳೆಗಾಲದ ತೇವವನ್ನು ಮಾತ್ರ. ಹೆಂಡತಿ, ಮಗಳು ಚಾಪೆಯ ಮೇಲೆ ಮಲಗಿದರು, ಗುಡುಗು ಹಾಸಿಗೆಯ ಮೇಲೆ ಮಲಗಿತು.

"ಅಕ್ಕ, ಅಣ್ಣ ಫೋನು ತೆಗೆಯುತ್ತಿಲ್ಲ" ಎಂದು ವಾರಿಜಾ ನನ್ನ ಅಡುಗೆಮನೆಗೆ ಬಂದು ಕೂತಳು. "ಹುಡುಗನ ಕಡೆಯವರು ಸೋದರಮಾವ ಎಲ್ಲಿ ಅಂತ ಕೇಳಿದರೆ ಎಂತ ಹೇಳಲಿ? ಗೋಡೆಗೆ ಬಡಿದು ವಾಪಸು ಹೋದರು ಅಂತಲಾ?"

ಮಗುವಿನ ಮುಖ ನೋಡಿ ನನಗೂ ಸಂಕಟವಾಯಿತು. ಮಗು ಎಂದರೆ ಶ್ರಾವ್ಯಾ. ಕೊನೆಗೆ ಅವಳೇ ಫೋನಿನಲ್ಲಿ ಹುಡುಕಿ ಒಂದು ಉಪಾಯ ತಂದಳು. "ಪಪ್ಪಾ, ಇದರಲ್ಲಿ ಹೇಳ್ತಾರೆ... ವೂಫರ್ ಕೋ ಮಾಮಾ ಕೀ ಸೀಟ್ ಪೆ ರಖೋ. ಒಂದೇ ಸದ್ದು ಬಿಡೋದು. ಫಿರ್ ತುಮ್ ನೆಲದ ಮೇಲೆ, ಐಸೆ, ಮಗು ತರ ಹೋಗೋದು. ಎಲ್ಲಿ ಚೆನ್ನಾಗಿ ಕೇಳ್ತದೆ, ಆ ಜಾಗಕ್ಕೆ ವೂಫರ್ ಇಟ್ಟರೆ ಮಾಮಾಗೆ ಚೆನ್ನಾಗಿ ಕೇಳ್ತದೆ. ಗ್ಯಾರಂಟಿ."

ಮಾವನ ಜಾಗದಲ್ಲಿ ಪೆಟ್ಟಿಗೆ, ಪೆಟ್ಟಿಗೆಯ ಜಾಗಕ್ಕೆ ಅಪ್ಪ. ಲೆಕ್ಕ ಸರಿಯಾಗಿಯೇ ಇತ್ತು.

ಮರುದಿನ ಬೆಳಿಗ್ಗೆ ರಮಾನಾಥ ವೂಫರನ್ನು ಎತ್ತಿ ಸೋಫಾದ ನಡುವೆ ಕೂರಿಸಿದ. ಮೋನಪ್ಪನ ಎತ್ತರಕ್ಕೆ ಸರಿಯಾಗಲೆಂದು ಕೆಳಗೆ ಎರಡು ದಿಂಬು ಕೊಟ್ಟ. ಅಲ್ಲಿ ಬಿದ್ದಿದ್ದ ಶಾಲು, ಪೇಟಗಳನ್ನು ಅಣ್ಣನ ಕೋಪ ಇಳಿಯುವವರೆಗೆ ನೆಲಕ್ಕೆ ತಾಗಿಸಬಾರದೆಂದು ವಾರಿಜಾ ಕಟ್ಟಪ್ಪಣೆ ಮಾಡಿದ್ದಳು. ಬೇರೆ ಜಾಗವಿಲ್ಲದೆ ಅವನು ಶಾಲನ್ನು ಪೆಟ್ಟಿಗೆಗೆ ಹೊದಿಸಿದ, ಪೇಟವನ್ನು ಅದರ ತಲೆಗಿಟ್ಟ. ಊಂ ಎಂಬ ಒಂದೇ ದಪ್ಪ ಸದ್ದನ್ನು ಬಿಟ್ಟು, ಲುಂಗಿ ಎತ್ತಿ ಕಟ್ಟಿ, ನಾಲ್ಕು ಕಾಲಿನ ಮೇಲೆ ಇಳಿದ.

ಆ ದೃಶ್ಯವನ್ನು ನಾನು ಬಾಗಿಲಿನಿಂದ ನೋಡಿದ್ದೇನೆ. ಕಣ್ಣು ಮುಚ್ಚಿ, ಕೆನ್ನೆಯನ್ನು ಕಾರ್ಪೆಟ್ಟಿಗೆ ತಾಗಿಸಿ, ಸೋಫಾದ ಸುತ್ತ ಒಂದೊಂದೇ ಮೊಣಕಾಲು ಮುಂದಿಡುತ್ತಿದ್ದ. ಸದ್ದು ಹಿಡಿಸದ ಕಡೆ "ಛೆ, ಛೆ" ಎಂದು ತಲೆಯಾಡಿಸುತ್ತಿದ್ದ. ಚೆನ್ನಾಗಿ ಕೇಳಿದ ಕಡೆ ಎರಡು ಕೈ ಎದೆಗೆ ಒತ್ತಿಕೊಂಡು, ಪೆಟ್ಟಿಗೆಯ ಕಡೆ ಮುಖವೆತ್ತಿ, ಬಾಯಿ ತೆರೆದು ಆನಂದಪಡುತ್ತಿದ್ದ. ಕಾರ್ಪೆಟ್ಟಿನ ಧೂಳಿಗೆ ಕಣ್ಣಿನಿಂದ ನೀರು ಧಾರಾಕಾರ.

ಸ್ನೇಹಲ್ ನೋಟೀಸು ಹಿಡಿದು ಬಂದದ್ದು ಆಗಲೇ. ಜೊತೆಗೆ ಸಾಕ್ಷಿಗೆಂದು ವಾಚ್‌ಮನ್ ನೀಲಕಂಠಪ್ಪ. ಅವನು ನೋಡಿದವನೇ ಚಪ್ಪಲಿ ಕಳಚಿದ.

"ಸೇಠ್ರ ಮೈಮ್ಯಾಲ ಬಂದಾವ್ರೀ ಮೇಡಂ. ನೀವು ನೋಟೀಸ್ ಆಮ್ಯಾಲ ಕೊಡ್ರಿ, ಈಗ ಕೊಟ್ರ ಛಲೋ ಅಲ್ಲ."

ಸ್ನೇಹಲ್ ದೇವರಿಗೂ ರಿಯಾಯಿತಿ ಕೊಡುವವಳಲ್ಲ. ಗಲಾಟೆಗೆ ಪುರಾವೆ ಬೇಕೆಂದು ನಿಂತಲ್ಲಿಂದಲೇ ಫೋನು ಎತ್ತಿ ವಿಡಿಯೋ ತೆಗೆದು ಸೊಸೈಟಿಯ ಗ್ರೂಪಿಗೆ ಹಾಕಿದಳು. ಆದರೆ ಫೋನಿನ ಸಣ್ಣ ಕಿವಿಗೆ ಆ ದಪ್ಪ ಸದ್ದು ಹಿಡಿಯುವುದೂ ಇಲ್ಲ, ಅದರ ಸಣ್ಣ ಬಾಯಿಗೆ ಅದು ಬರುವುದೂ ಇಲ್ಲ. ಗಲಾಟೆಯ ಪುರಾವೆಗೆಂದು ತೆಗೆದ ವಿಡಿಯೋದಲ್ಲಿ ಗಲಾಟೆಯೇ ಇರಲಿಲ್ಲ. ಅದರಲ್ಲಿ ಇದ್ದದ್ದು ಫ್ಯಾನಿನ ಗಾಳಿ, ಶಾಲು ಪೇಟ ಧರಿಸಿದ ಒಂದು ಮೌನ ಮೂರ್ತಿ, ಮತ್ತು ಅದರ ಸುತ್ತ ಕಣ್ಣೀರಿಡುತ್ತಾ, ಛೆ ಛೆ ಎನ್ನುತ್ತಾ ತೆವಳುವ ಮನುಷ್ಯ.

ವಿಡಿಯೋ ಸೊಸೈಟಿಯ ಗ್ರೂಪಿನಿಂದ ಮಲಾಡಿನ ನಮ್ಮವರ ಗ್ರೂಪಿಗೆ ಹೋಯಿತು. ಅಲ್ಲಿಂದ ಥಾಣೆಗೆ ಹೋಗಲು ಅದಕ್ಕೆ ಟ್ರೈನು ಬದಲಿಸುವ ತೊಂದರೆಯೂ ಇರಲಿಲ್ಲ.

ವಾರಿಜಾ ಅದನ್ನು ನೋಡಿ ನೆಲಕ್ಕೆ ಕೂತಳು. "ಮುಗಿಯಿತು ಅಕ್ಕ. ಪೆಟ್ಟಿಗೆಯನ್ನೇ ಸೋದರಮಾವ ಅಂತ ಕೂರಿಸು ಅಂತ ಅಣ್ಣ ಸಿಟ್ಟಲ್ಲಿ ಹೇಳಿದ. ಈ ಮಹಾತ್ಮ ಕೂರಿಸಿದ್ದಾರೆ! ಪೇಟ ಸಮೇತ!"

ಒಳಗಿನಿಂದ ರಮಾನಾಥ ಕೂಗಿದ: "ವಾರಿಜಾ, ಸಿಕ್ಕಿತು! ಜಾಗ ಸಿಕ್ಕಿತು!"

ಸಿಕ್ಕಿದ ಜಾಗ ಬಾಗಿಲ ಪಕ್ಕದ ಗೋಡೆಯ ನಟ್ಟನಡುವೆ. ಅಲ್ಲಿ ವೂಫರು ಇಟ್ಟರೆ ಎಲ್ಲ ಸೀಟಿಗೂ ಒಂದೇ ಸಮ. ಕಷ್ಟವೆಂದರೆ ಆಮೇಲೆ ಬಾಗಿಲು ಅರ್ಧ ಮಾತ್ರ ತೆರೆಯುತ್ತಿತ್ತು. ಜನ ಅಡ್ಡಡ್ಡವಾಗಿ ನುಸುಳಬೇಕು. ಅದು ರಮಾನಾಥನಿಗೆ ದೊಡ್ಡ ವಿಷಯವೆನಿಸಲಿಲ್ಲ.

ಶನಿವಾರ ಮಧ್ಯಾಹ್ನ ಬೆಲ್ಲು ಹೊಡೆಯಿತು. ನಾನೂ ವಾರಿಜಾಳೂ ಮರುದಿನದ ನಿಶ್ಚಯ ಹೇಗೆ ಮುಂದೆ ಹಾಕುವುದೆಂದು ಮಾತಾಡುತ್ತಾ, ಆದರೂ ಕೈ ಸುಮ್ಮನಿರದೆ ಗೋಳಿಬಜೆ ಕರಿಯುತ್ತಿದ್ದೆವು. ಬಾಗಿಲು ತೆಗೆದರೆ ಮೋನಪ್ಪ. ಕೈಯಲ್ಲಿ ಬಾಳೆಹಣ್ಣಿನ ಗೊನೆ, ಕಣ್ಣಲ್ಲಿ ನೀರು.

"ಎಲ್ಲಿ ಅವನು?"

ವಾರಿಜಾ ಅಡ್ಡ ನಿಂತಳು. "ಅಣ್ಣಾ, ಅವರಿಗೆ ತಿಳಿಯುವುದಿಲ್ಲ, ಬಿಟ್ಟುಬಿಡು..."

"ತಿಳಿಯುವುದಿಲ್ಲವಾ? ಅವನಿಗೆ ತಿಳಿದಷ್ಟು ಯಾರಿಗೆ ತಿಳಿದಿದೆ?" ಮೋನಪ್ಪ ಗೊನೆಯನ್ನು ಕೆಳಗಿಟ್ಟ. "ನನ್ನ ಶಾಲಿಗೆ, ನನ್ನ ಪೇಟಕ್ಕೆ ಪ್ರದಕ್ಷಿಣೆ ಬರ್ತಾನೆ! ಮೊಣಕಾಲಿನಲ್ಲಿ! ಛೆ ಛೆ ಅಂತ ತನಗೆ ತಾನೇ ಬೈದುಕೊಳ್ತಾನೆ! ದೇವಸ್ಥಾನದಲ್ಲಿ ಉರುಳು ಸೇವೆ ಮಾಡುವವರನ್ನು ನೋಡಿದ್ದೇನೆ, ಭಾವನಿಗೆ ಮಾಡುವವರನ್ನು ನೋಡಿರಲಿಲ್ಲ ವಾರಿಜಾ. ಎಂಥವನಿಗೆ ಎಂತ ಮಾತು ಆಡಿಬಿಟ್ಟೆ!"

ರಮಾನಾಥ ಹೊರಗೆ ಬಂದ. "ಭಾವ, ಅದು ಉರುಳು ಸೇವೆ ಅಲ್ಲ, ಅದು ವೂಫರು ಎಲ್ಲಿ ಇಡ..."

ವಾರಿಜಾಳ ಕೈಯಲ್ಲಿದ್ದ ಬಿಸಿ ಗೋಳಿಬಜೆ ಅವನ ಬಾಯಿಗೆ ಹೋಯಿತು. ಬಿಸಿ ಎಂದರೆ ಎಣ್ಣೆಯಿಂದ ಆಗತಾನೆ ಎದ್ದು ಬಂದದ್ದು. ಅವನ ಕಣ್ಣಲ್ಲೂ ನೀರು ಬಂತು. ಇಬ್ಬರು ಭಾವಂದಿರೂ ಕಣ್ಣೀರಿನಲ್ಲಿ ಅಪ್ಪಿಕೊಂಡರು. ನೋಡಲು ಬಹಳ ಚೆನ್ನಾಗಿತ್ತು.

ಅಲ್ಲಿಗೆ ಬಿಟ್ಟಿದ್ದರೆ! ಬಜೆ ನುಂಗಿದ ಕೂಡಲೇ ರಮಾನಾಥ, "ಬನ್ನಿ ಭಾವ, ಈಗ ಕೂತು ನೋಡಿ" ಎಂದು ಕೈ ಹಿಡಿದು ಎಳೆದ. ಅರ್ಧ ಬಾಗಿಲಿನಲ್ಲಿ ಮೋನಪ್ಪ ಅಡ್ಡವಾಗಿ ನಿಂತ, ಉಸಿರು ಹೊರಗೆ ಬಿಟ್ಟ, ಒಳಗೆ ಎಳೆದ. ಯಾವುದರಲ್ಲೂ ಹೊಟ್ಟೆ ಚಿಕ್ಕದಾಗಲಿಲ್ಲ. ಶ್ರಾವ್ಯಾ ಒಳಗಿನಿಂದ, ನಾನು ಹೊರಗಿನಿಂದ ಸಹಾಯ ಮಾಡಿ ಅವನನ್ನು ದಾಟಿಸಿದೆವು. ನಡುವೆ ಕೂರಿಸಿದರು. ಶಾಲು, ಪೇಟ ಮತ್ತೆ ಏರಿದವು. ಬೆಟ್ಟ ಬಾಯ್ಬಿಟ್ಟಿತು.

ಧಡ್!

ಈ ಸಲ ಪಂಕ್ತಿಭೇದವಿರಲಿಲ್ಲ. ಮೋನಪ್ಪ ಸೋಫಾದಿಂದ ಗೇಣೆತ್ತರ ಹಾರಿದ. ಪೇಟ ಕಣ್ಣಿನವರೆಗೆ ಇಳಿಯಿತು. "ಅಯ್ಯೋ! ನಿಲ್ಲಿಸು! ಎದೆ! ನನ್ನ ಎದೆ! ಡಾಕ್ಟರು ಪಟಾಕಿ ಸಹ ಕೇಳಬಾರದು ಅಂದಿದ್ದಾರೆ ಮಾರಾಯ! ನನ್ನನ್ನು ಕರೆಸಿ ಕೊಲ್ಲಲಿಕ್ಕುಂಟಾ?"

ಪಿಕ್ಚರು ನಿಂತಿತು. ಮೋನಪ್ಪ ಪೇಟ ಮೇಲಕ್ಕೆ ತಳ್ಳಿ, ಎಲ್ಲರನ್ನೂ ಒಬ್ಬೊಬ್ಬರಾಗಿ ನೋಡಿದ. ಹೋಟೆಲಿನಲ್ಲಿ ಬಿಲ್ಲು ಕೊಡದೆ ಎದ್ದವರನ್ನು ನೋಡುವ ನೋಟ. ಶ್ರಾವ್ಯಾ ಉಗುರು ಕಚ್ಚಿದಳು. ಮದುವೆ ಮತ್ತೊಮ್ಮೆ ಮೆಟ್ಟಿಲಿಳಿದು ಹೋಗುವುದರಲ್ಲಿತ್ತು.

ಆಗ ವಾರಿಜಾ ಬಹಳ ಮೆತ್ತಗೆ ಹೇಳಿದಳು. "ಅಣ್ಣಾ, ಅದಕ್ಕೇ ಅಲ್ಲವಾ ಅವತ್ತು ನಿನ್ನ ಸೀಟಿಗೆ ಮಾತ್ರ ಬಾರದ ಹಾಗೆ ಮಾಡಿದ್ದು?"

"ಎಂತದು?"

"ನಿನ್ನ ಬಿ.ಪಿ. ಇವರಿಗೆ ಗೊತ್ತಿಲ್ಲವಾ? ನಮಗೆಲ್ಲ ಎದೆ ಒಡೆಯಲಿ, ಭಾವನಿಗೆ ಮಾತ್ರ ಒಂದು ಕೂದಲು ಅಲುಗಬಾರದು ಅಂತ ವಾರಗಟ್ಟಲೆ ಒದ್ದಾಡಿ ಆ ಒಂದು ಸೀಟಿಗೆ ನೆಮ್ಮದಿ ಮಾಡಿಸಿದರು. ನೀನು ಬೇಕು ಅಂದೆ. ಸರಿ, ಈಗ ಕೊಟ್ಟರು."

ರಮಾನಾಥನಿಗೆ ತಡೆಯಲಾಗಲಿಲ್ಲ. "ಛೆ ಛೆ, ಹಾಗಲ್ಲ ಭಾವ, ಎರಡು ಅಲೆ ಎದುರಾಗಿ..."

ಈ ಸಲ ಗೋಳಿಬಜೆ ನಾನು ತುರುಕಿದೆ.

ಮೋನಪ್ಪ ಪೇಟವನ್ನು ತೆಗೆದು ಕೈಯಲ್ಲಿ ಹಿಡಿದ. ಆಮೇಲೆ, "ಊರಿಗೆಲ್ಲ ಗುಡುಗು ಬಡಿಸಿ ನನ್ನ ಎಲೆಯನ್ನು ಕಾಪಾಡಿದೆ. ನಾನು ಪಂಕ್ತಿಭೇದ ಅಂದೆ. ಇದಕ್ಕೆ ನಾನು ಯಾವ ದೇವರಿಗೆ ಉರುಳಲಿ?" ಎಂದು ಎದ್ದು, "ಪೆಟ್ಟಿಗೆ ಮೊದಲಿದ್ದ ಮೂಲೆಗೇ ಹೋಗಲಿ. ಈ ಸೀಟು ಹಾಗೆಯೇ ಇರಲಿ" ಎಂದು ಆಜ್ಞೆ ಮಾಡಿದ.

ಪೆಟ್ಟಿಗೆಯನ್ನು ಮೂಲೆಗೆ ಎಳೆಯುವಾಗ ರಮಾನಾಥನ ಮುಖ ನೋಡಬೇಕಿತ್ತು. ಮಗಳನ್ನು ಗಂಡನ ಮನೆಗೆ ಕಳಿಸುವಾಗ ಅಳಲೆಂದು ಇಟ್ಟುಕೊಂಡದ್ದನ್ನೆಲ್ಲ ಅವನು ಅಂದೇ ಅತ್ತು ಮುಗಿಸಿದ.

ಆದಿತ್ಯವಾರ ಹುಡುಗನ ಕಡೆಯವರು ಹೇಳಿದ ಹೊತ್ತಿಗಿಂತ ಮೊದಲೇ ಬಂದುಬಿಟ್ಟರು. ಸುಕೇಶನ ಸೋದರಮಾವ ದೂಮಪ್ಪ ದಹಿಸರಿನವರು, ಬ್ಯಾಂಕಿನಿಂದ ನಿವೃತ್ತರು. ನಗಬೇಕಾದರೂ ಎರಡು ಸಹಿ ಬೇಕೆನ್ನುವ ಮುಖ. ಮುಹೂರ್ತಕ್ಕೆ ಸಮಯವಿತ್ತು. ವೀಳ್ಯದ ತಟ್ಟೆ ಹಾಲಿನಲ್ಲಿ ಸಿದ್ಧವಾಗಿತ್ತು. ಸುಮ್ಮನೆ ಕೂತಿದ್ದರೆ ಏನಾಗುತ್ತಿತ್ತು? ಆದರೆ ಮೋನಪ್ಪನಿಗೆ ತನ್ನ ಸೀಟು ತೋರಿಸದೆ ಇರಲಾಗಲಿಲ್ಲ. "ಬನ್ನಿ ಬನ್ನಿ, ನಮ್ಮ ಭಾವನ ಥಿಯೇಟರು ನೋಡಿ" ಎಂದು ಎಲ್ಲರನ್ನೂ ಕರೆದೊಯ್ದ.

ನಡುವೆ ಮೋನಪ್ಪ ಶಾಲು ಹೊದ್ದು ಕೂತ. ದೂಮಪ್ಪನವರಿಗೆ ಗೋಡೆಯ ಪಕ್ಕದ ಕುರ್ಚಿ. ಬಡ ಬೆಟ್ಟ ಮತ್ತೊಮ್ಮೆ ಬಿತ್ತು.

ದೂಮಪ್ಪನವರ ಕನ್ನಡಕ ಮೂಗಿನ ತುದಿಗೆ ಜಾರಿತು. ಅವರು ಅದನ್ನು ಸರಿಮಾಡಿಕೊಂಡು, ಎದೆ ಸವರಿಕೊಂಡು, ಪಕ್ಕಕ್ಕೆ ನೋಡಿದರು. ಮೋನಪ್ಪ ಗೋಡೆಗೆ ಹಾಕಿದ ಫೋಟೋದ ಹಾಗೆ ಶಾಂತವಾಗಿದ್ದ.

"ನಿಮಗೆ ಏನೂ ಆಗಲಿಲ್ಲವಾ?"

"ಇಲ್ಲ" ಎಂದ ಮೋನಪ್ಪ, ದೊಡ್ಡ ಮನಸ್ಸಿನಿಂದ. "ಇದು ಸೋದರಮಾವನ ಸೀಟು. ಇಲ್ಲಿಗೆ ಆ ಹಿಂಸೆ ಬಾರದ ಹಾಗೆ ಭಾವ ಕಾಪಾಡಿದ್ದಾನೆ. ನಮ್ಮಲ್ಲಿ ಸೋದರಮಾವನಿಗೆ ಅಷ್ಟು ಮರ್ಯಾದೆ."

ದೂಮಪ್ಪನವರು ಕನ್ನಡಕ ತೆಗೆದರು. "ಹಾಗಾದರೆ ನಾನು ಯಾರು?"

ರಮಾನಾಥ ಪಿಕ್ಚರು ನಿಲ್ಲಿಸಿದ.

"ನಾನೂ ಒಬ್ಬ ಸೋದರಮಾವನೇ ಅಲ್ಲವಾ? ಒಂದೇ ಸಾಲಿನಲ್ಲಿ ಕೂರಿಸಿ ಅವರಿಗೆ ಒಂದು, ನನಗೆ ಒಂದು. ಇದಕ್ಕೆ ಎಂತ ಹೇಳ್ತಾರೆ ಅಂತ ನಾನು ಹೇಳಬೇಕಾ?"

ಹೇಳಬೇಕಾಗಿರಲಿಲ್ಲ. ಮೋನಪ್ಪನ ಬಾಯಿ ತೆರೆದದ್ದು ತೆರೆದ ಹಾಗೆಯೇ ಇತ್ತು. ಶ್ರಾವ್ಯಾ ಸುಕೇಶನನ್ನು ನೋಡಿದಳು, ಸುಕೇಶ್ ಚಾವಣಿ ನೋಡಿದ. ವಾರಿಜಾಳ ಕೈಯಲ್ಲಿ ಆ ದಿನ ಗೋಳಿಬಜೆಯೂ ಇರಲಿಲ್ಲ. ಎಲ್ಲರ ಮುಖ ಬಿಳಿಚಿಕೊಂಡಿತ್ತು, ಒಂದು ಮುಖದ ಹೊರತು.

"ಒಂದೇ ನಿಮಿಷ" ಎಂದ ರಮಾನಾಥ. ಅವನ ಕಣ್ಣು ದೀಪದ ಹಾಗೆ ಉರಿಯುತ್ತಿತ್ತು. "ಇಬ್ಬರಿಗೂ ಒಂದೇ ತರ ಬಾರದ ಹಾಗೆ ಮಾಡಬಹುದು. ಜಾಗ ಉಂಟು. ನನಗೆ ಗೊತ್ತುಂಟು." ಜರಿ ಪಂಚೆ ಎತ್ತಿ ಕಟ್ಟಿದ, ಮೊಣಕಾಲೂರಿದ, ದೂಮಪ್ಪನವರ ಪಾದದ ಹತ್ತಿರ ಕೆನ್ನೆಯನ್ನು ಕಾರ್ಪೆಟ್ಟಿಗೆ ಇಟ್ಟು ಕಣ್ಣು ಮುಚ್ಚಿದ.

ದೂಮಪ್ಪನವರು ಗಾಬರಿಯಾಗಿ ಎದ್ದು ನಿಂತರು. "ಅಯ್ಯಯ್ಯೋ, ಏಳಿ! ಬೀಗರೇ, ಏಳಿ! ಹುಡುಗಿಯ ತಂದೆ ನೀವು! ಒಂದು ಮಾತಿಗೆ ಇಷ್ಟೆಲ್ಲ ಮಾಡುವುದಾ?"

"ಬಿಡಿ, ಅವನು ಏಳುವುದಿಲ್ಲ" ಎಂದ ಮೋನಪ್ಪ ಕಣ್ಣೊರೆಸಿಕೊಳ್ಳುತ್ತಾ. "ನನಗೂ ಹೀಗೆಯೇ ಮಾಡಿದ್ದ. ವಿಡಿಯೋ ಉಂಟು, ತೋರಿಸ್ತೇನೆ."

ವಿಡಿಯೋ ನೋಡಿದ ದೂಮಪ್ಪನವರ ಮುಖದಲ್ಲಿ ಎರಡೂ ಸಹಿ ಬಿದ್ದವು. "ಇಂಥ ಮನೆಯ ಹುಡುಗಿ ಸಿಕ್ಕುವುದು ನಮ್ಮ ಪುಣ್ಯ" ಎಂದು ಹೇಳಿ, ಮೋನಪ್ಪನ ಕೈ ಹಿಡಿದುಕೊಂಡರು. ವಾರಿಜಾ ಒಂದು ಕ್ಷಣವೂ ತಡಮಾಡಲಿಲ್ಲ. ಹಾಲಿನಿಂದ ವೀಳ್ಯದ ತಟ್ಟೆಯನ್ನು ಅಲ್ಲಿಗೇ ತಂದಳು. ಮುಹೂರ್ತಕ್ಕೆ ಇನ್ನೂ ಹೊತ್ತಿತ್ತು. ಆ ಮನೆಯಲ್ಲಿ ಮುಹೂರ್ತಕ್ಕೆ ಕಾಯುವ ಧೈರ್ಯ ಯಾರಿಗೂ ಇರಲಿಲ್ಲ. ತಟ್ಟೆ ಮಾವನ ಕೈಯಿಂದ ಮಾವನ ಕೈಗೆ ಹೋಯಿತು.

ಆ ಫೋಟೋವನ್ನು ಫ್ರೇಮು ಹಾಕಿಸಿ ನನಗೂ ಒಂದು ಪ್ರತಿ ಕೊಟ್ಟಿದ್ದಾರೆ. ನಡುವೆ ಇಬ್ಬರು ಸೋದರಮಾವಂದಿರು, ಆಚೀಚೆ ಹುಡುಗ ಹುಡುಗಿ, ಹಿಂದೆ ವಾರಿಜಾ. ಹುಡುಗಿಯ ತಂದೆ ಎಲ್ಲಿ ಎಂದು ನೋಡಿದವರೆಲ್ಲ ಕೇಳುತ್ತಾರೆ. ನಾನು ಬೆರಳಿಟ್ಟು ತೋರಿಸುತ್ತೇನೆ. ಸೋಫಾದ ಹಿಂದೆ, ಮೂಲೆಯ ಕಡೆಗೆ, ಜರಿ ಪಂಚೆಯ ಅಂಚು ಒಂದಿಷ್ಟು ಕಾಣುತ್ತದೆ.